ಒಂಟಿ ಹಾರಾಟದ ಲೆಕ್ಕ

ಮಲೇಷ್ಯಾದ ಮೆಲಾಕಾದಲ್ಲಿ, ಮೆಡಿಕಲ್ ಕಾಲೇಜಿನಲ್ಲಿ ಅಂಕಿಅಂಶ ಕಲಿಸುವವಳು ನಾನು. ಯಾರಾದರೂ ಇಷ್ಟು ಜನ ಸತ್ತರು ಎಂದರೆ, ಎಷ್ಟು ಜನರಲ್ಲಿ ಎಂದು ಕೇಳದೆ ಬಿಡುವವಳಲ್ಲ. ಈ ಚಾಳಿಯಿಂದ ಸ್ನೇಹಿತರ ಮನೆಯ ಎಷ್ಟೋ ಊಟಗಳ ರುಚಿ ಕೆಡಿಸಿದ್ದೇನೆ. ಅದಕ್ಕೇ ಮಗಳು ಪ್ಯಾರಾಗ್ಲೈಡಿಂಗ್ ಕಲಿಯಲು ಹೊರಟಾಗ ನನ್ನ ಬಾಯಿ ಮುಚ್ಚಿಸಲು ಅಂಕಿಯನ್ನೇ ಹಿಡಿದುಕೊಂಡು ಬಂದಳು. ಅದನ್ನು ಕಲಿಸುವ ಕಂಪನಿಯಲ್ಲಿ ಸಾವಿರಾರು ಹಾರಾಟ ಆಗಿದೆಯಂತೆ, ಒಂದೂ ಸಾವಿಲ್ಲವಂತೆ.

"ಅಮ್ಮಾ, ನೀನು ಡ್ರೈವ್ ಮಾಡೋದೇ ಮೋರ್ ಡೇಂಜರಸ್ ಲಾ," ಎಂದು ಇಲ್ಲಿಯವರ ಹಾಗೆ ರಾಗ ಎಳೆದಳು. ನನ್ನ ಡ್ರೈವಿಂಗ್ ಮಟ್ಟಿಗೆ ಆ ಮಾತು ಸುಳ್ಳಲ್ಲ, ಒಪ್ಪಿಕೊಂಡೆ.

ಪಾಠಗಳೆಲ್ಲ ಮುಗಿದು, ಅವಳು ಮೊದಲ ಸಲ ಒಬ್ಬಳೇ ಹಾರುವ ದಿನ ನಾನೂ ಗುಡ್ಡ ಹತ್ತಿದೆ. ಕೆಳಗೆ ಕಣ್ಣು ಹಾಯುವವರೆಗೂ ಎಣ್ಣೆತಾಳೆ ತೋಟ. ಅವಳು ಓಡಿದಳು, ಗುಡ್ಡದ ಅಂಚು ದಾಟಿದಳು. ಧೈರ್ಯಕ್ಕಿರಲಿ ಎಂದು ಪಕ್ಕದಲ್ಲಿದ್ದ ಕಂಪನಿಯವನ ಬಾಯಿಂದ ಆ ಅಂಕಿಯನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಅದರಲ್ಲಿ ಒಂಟಿಯಾಗಿ ಹಾರಿದವರೆಷ್ಟು ಎಂದು ಕೇಳಿದೆ.

ಒಬ್ಬರೂ ಇಲ್ಲ ಎಂದ, ನಗುನಗುತ್ತಲೇ. ಅವೆಲ್ಲ ತರಬೇತುದಾರನಿಗೆ ಕಟ್ಟಿಕೊಂಡು ಹಾರುವ ಪ್ರವಾಸಿಗರ ಲೆಕ್ಕವಂತೆ. ಒಬ್ಬರೇ ಹಾರುವವರು ಗಿರಾಕಿಗಳಲ್ಲ, ಕ್ಲಬ್ಬಿನವರು, ಅವರಿಗೇನಾದರೂ ಆದರೆ ಅದು ತಮ್ಮ ಲೆಕ್ಕಕ್ಕೆ ಬರುವುದಿಲ್ಲವಂತೆ. ಏನಾದರೂ ಆಗಿದೆಯೇ ಎಂದೆ. ಆತ ವಾಕಿಟಾಕಿಯ ಗುಂಡಿ ತಿರುವತೊಡಗಿದ.

ನಾನು ನಂಬಿಕೊಂಡು ಬಂದ ಸೊನ್ನೆಯಿಂದ ನನ್ನ ಮಗಳು ಅಂಚು ದಾಟಿದ ಕ್ಷಣವೇ ಹೊರಬಿದ್ದಿದ್ದಳು. ಮೇಲೆ ಅವಳ ಗ್ಲೈಡರಿನ ಬಟ್ಟೆರೆಕ್ಕೆಯ ಒಂದು ಬದಿ ಮುದುಡಿತು, ಮತ್ತೆ ಬಿಚ್ಚಿಕೊಂಡಿತು. ಕೂಗಿದರೂ ಕೇಳಿಸದಷ್ಟು ದೂರದಲ್ಲಿದ್ದಳು.

ಆಗ ಯಾರೋ ನನ್ನ ಮಣಿಕಟ್ಟು ಹಿಡಿದರು. ಒಬ್ಬ ತಮಿಳು ಹೆಂಗಸು. ಅವಳ ಗಂಡ ಮುಂದಿನ ಸರದಿಗೆ ಬೆಲ್ಟು ಬಿಗಿದುಕೊಳ್ಳುತ್ತಿದ್ದ, ಅವನದೂ ಮೊದಲ ಒಂಟಿ ಹಾರಾಟ. ಭಯ ಏನೂ ಇಲ್ಲ ತಾನೇ ಅಕ್ಕಾ, ಯಾರೂ ಸತ್ತೇ ಇಲ್ಲವಂತಲ್ಲ ಎಂದು ಕೇಳಿದಳು.

ಮಗಳು ಗಾಳಿಯಲ್ಲಿ ತೂಗುತ್ತಿರುವಾಗ ಸಾವಿನ ಮಾತು ಆಡುವುದು ಹೇಗೆ? ಮಾತಿನಿಂದ ಯಾರೂ ಬೀಳುವುದಿಲ್ಲ ಎಂದು ತರಗತಿಯಲ್ಲಿ ಸಲೀಸಾಗಿ ಹೇಳಬಲ್ಲೆ. ಅಲ್ಲಿ ನಾಲಿಗೆ ಏಳಲಿಲ್ಲ. ಸೇಫ್ ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆ ಗಂಡಸು ಆಗಲೇ ಅಂಚಿನತ್ತ ಹೆಜ್ಜೆ ಇಟ್ಟಿದ್ದ.

"ಒಬ್ಬರೇ ಹಾರಿ ಸತ್ತರೆ ಇವರು ಲೆಕ್ಕಕ್ಕೇ ಹಿಡಿಯಲ್ಲಮ್ಮಾ," ಎಂದು ನನ್ನ ಹರುಕುಮುರುಕು ತಮಿಳಿನಲ್ಲಿ ಹೇಳಿಬಿಟ್ಟೆ.

ಅವಳು ನನ್ನ ಕೈ ಬಿಟ್ಟು ಗಂಡನ ಕಡೆ ಓಡಿದಳು. ನಾನು ಆಕಾಶದಿಂದ ಕಣ್ಣು ಕೀಳದೆ, ಮಗಳ ಕಾಲು ನೆಲಕ್ಕೆ ತಾಗುವವರೆಗೂ, ಬಿಡ್ತು, ಬಿಡ್ತು ಅನ್ನುತ್ತಲೇ ನಿಂತಿದ್ದೆ.