ಮೂರು ಕೈಯ ಉಪ್ಪು

ಪದ್ಮಲತಾಗೆ ಅಡುಗೆ ಬರುವುದಿಲ್ಲ ಎಂದು ಹೇಳುವ ಎದೆಗಾರಿಕೆ ತೀರ್ಥಹಳ್ಳಿಯಿಂದ ಸಾಗರದವರೆಗೆ ಒಬ್ಬರಿಗೇ ಇತ್ತು. ಅದು ಪದ್ಮಲತಾಗೇ.

ಹದಿನೇಳು ವರ್ಷ ಅವಳು ದೇವಕುಮಾರರ ಅಡುಗೆ ತಂಡದಲ್ಲಿ ದುಡಿದಿದ್ದಳು. ಸೇರಿದ ದಿನ ತೆಂಗಿನಕಾಯಿ ತುರಿದವಳು, ಬರಬರುತ್ತಾ ಐನೂರು ಎಲೆಯ ಊಟಕ್ಕೆ ಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ನಿಂತಲ್ಲೇ ಹೇಳುವಷ್ಟಾಗಿದ್ದಳು. ಹೋದ ಯುಗಾದಿಯ ಹೊತ್ತಿಗೆ ದೇವಕುಮಾರರ ಮಂಡಿ ಕೈಕೊಟ್ಟಿತು. ಅವರು ತಮ್ಮ ಉದ್ದ ಹಿಡಿಯ ಸಟ್ಟುಗವನ್ನು ಅವಳ ಕೈಗಿಟ್ಟು, "ಇನ್ಮೇಲೆ ನೀನೇ ನೋಡ್ಕೋ" ಎಂದರು. ಅಷ್ಟೇ. ಅವರ ಬಾಯಿಂದ ಅಷ್ಟು ಮಾತು ಬಂದದ್ದೇ ದೊಡ್ಡದು.

ಅಂದಿನಿಂದ ಅವಳ ನೆಮ್ಮದಿ ಹಾರಿಹೋಯಿತು. ಕಾರಣ ಉಪ್ಪು. ದೇವರಿಗೆ ನೈವೇದ್ಯ ಆಗುವ ತನಕ ಅಡುಗೆಯವರು ನಾಲಿಗೆಗೆ ಒಂದು ತೊಟ್ಟೂ ಮುಟ್ಟಿಸುವಂತಿಲ್ಲ. ಅದಕ್ಕೇ ಈ ತಂಡದಲ್ಲಿ ಉಪ್ಪು ಹಾಕುವ ಕೈ ಒಂದೇ, ಯಜಮಾನಿಕೆಯ ಕೈ. ಕುದಿ ನೋಡಿ, ಹಿಡಿ ಅಳತೆಯಲ್ಲಿ ಹಾಕಿ, ಆಮೇಲೆ ಸುಮ್ಮನಿರಬೇಕು. ಪದ್ಮಲತಾಗೆ ಸುಮ್ಮನಿರುವುದೇ ಬರುತ್ತಿರಲಿಲ್ಲ. ಹಾಕಿದ ಎರಡೇ ನಿಮಿಷಕ್ಕೆ, ತರಕಾರಿ ಹೆಚ್ಚುವ ಜಲಜಮ್ಮನ ಹತ್ತಿರ ಹೋಗಿ, "ನಾ ಉಪ್ಪು ಹಾಕಿದ್ನಾ?" ಎಂದು ಮೆಲ್ಲಗೆ ಕೇಳುವಳು.

"ಹಾಕಿದ್ಯಲ್ಲೇ ಮಾರಾಯ್ತಿ. ನನ್ನ ಕಣ್ಣೆದುರಿಗೇ ಹಾಕ್ದೆ" ಎಂದು ಅರವತ್ತರ ಜಲಜಮ್ಮ ಪ್ರತಿಸಲವೂ ಸಮಾಧಾನ ಮಾಡುವಳು.

ಹೋದ ತಿಂಗಳು ತೀರ್ಥಹಳ್ಳಿಯ ಮದುವೆಯಲ್ಲಿ ಯಾರೋ ಕೈ ತೊಳೆಯುತ್ತಾ, "ದೇವಕುಮಾರರ ಕೈರುಚಿ ಬರ್ಲಿಲ್ಲ ಬಿಡಿ" ಎಂದಿದ್ದರು. ಆ ಪುಣ್ಯಾತ್ಮ ಮೂರು ಸಲ ಪಾಯಸ ಹಾಕಿಸಿಕೊಂಡಿದ್ದ ಎಂಬುದು ಬೇರೆ ಮಾತು. ಪದ್ಮಲತಾ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ, ದಿನಾ ತೆಗೆದು ನೋಡಿಕೊಂಡಳು. ಹೊಸನಗರದಲ್ಲಿ ಒಪ್ಪಿಕೊಂಡಿದ್ದ ಗೃಹಪ್ರವೇಶದ ಊಟಕ್ಕೆ ದೇವಕುಮಾರರೂ ನೆಂಟರಾಗಿ ಬರುತ್ತಾರೆಂದು ತಿಳಿದಾಗ ತೀರ್ಮಾನಿಸಿಬಿಟ್ಟಳು: ಊಟ ಮುಗಿದ ಕೂಡಲೇ ಸಟ್ಟುಗವನ್ನು ಅವರಿಗೇ ಒಪ್ಪಿಸಿ, ತಾನು ಮತ್ತೆ ಕಾಯಿ ತುರಿಯಲು ಕೂರುವುದು.

ಗೃಹಪ್ರವೇಶದ ದಿನ ಮುನ್ನೂರೈವತ್ತು ಎಲೆ. ಸೌತೆಕಾಯಿ ಹುಳಿ ದೊಡ್ಡ ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಪದ್ಮಲತಾ ಉಪ್ಪು ಹಾಕಿದಳು. ಅಷ್ಟರಲ್ಲಿ ಮನೆಯ ಯಜಮಾನರು ಬಂದು, "ಎಷ್ಟೊತ್ತಿಗೆ ಎಲೆ ಹಾಕಿಸ್ಲಿ?" ಎಂದು ಕೇಳಿದರು. ಉತ್ತರ ಕೊಟ್ಟು ತಿರುಗುವಷ್ಟರಲ್ಲಿ ಮನಸ್ಸು ಒರೆಸಿದ ಸ್ಲೇಟು. "ಉಪ್ಪು ಹಾಕಿದ್ನಾ?" ಎಂದು ಗೊಣಗಿದಳು. ಅನ್ನ ಬಸಿಯುತ್ತಿದ್ದ ಬೆಳ್ಳಪ್ಪ ತಲೆಯೆತ್ತಲಿಲ್ಲ. ಜಲಜಮ್ಮನೂ ಈ ಸಲ ನೋಡಿರಲಿಲ್ಲ, ಈಳಿಗೆ ಮಣೆಗೆ ಬಗ್ಗಿದಳು. ಹಾಕಿರಬೇಕು ಎಂದುಕೊಂಡು ಪದ್ಮಲತಾ ಪಾಯಸದ ಕಡೆ ಹೋದಳು.

ನೈವೇದ್ಯದ ಗಂಟೆ ನಿಂತಿತು. ಅವಳು ಹುಳಿಯ ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿದಳು. ನಾಲಿಗೆ ಮುದುರಿಕೊಂಡಿತು. ಉಪ್ಪು! ಹೊರಗೆ ಜನ ಎಲೆಯ ಮುಂದೆ ಕೂತಾಗಿತ್ತು. ಮೊದಲ ಸಾಲಿನಲ್ಲೇ ದೇವಕುಮಾರರು.

ಅಳುವುದಕ್ಕೆ ಪುರುಸೊತ್ತಿರಲಿಲ್ಲ, ಅದೇ ಒಳ್ಳೆಯದಾಯಿತು.

"ಬೆಳ್ಳಪ್ಪ, ಅರ್ಧ ಹುಳಿ ಆಚೆ ಕೊಳಗಕ್ಕೆ ಬಗ್ಗಿಸು. ಸಾರಿಗೆ ಅಂತ ಇಟ್ಟಿದ್ದ ಬೇಳೆ ಪೂರ್ತಿ ಇದಕ್ಕೆ ಸುರಿ."

"ಸಾರಿಗೆ ಎಂತ ಮಾಡೋದು ಪದ್ದಕ್ಕ?"

"ಬರೀ ಟೊಮೇಟೊ ಸಾರು ಸಾಕು. ಜಲಜಮ್ಮ, ಉಳಿದ ಸೌತೆಕಾಯಿ ಸಣ್ಣಗೆ ಹೆಚ್ಚಿ, ಬೇಗ ಬೇಯ್ಬೇಕು. ಮಸಾಲೆ ಇನ್ನೊಂದು ಸಲ ರುಬ್ಬಿಸ್ತೀನಿ. ಬಡಿಸೋರಿಗೆ ಹೇಳಿ, ಸಾರು ಎರಡೆರಡು ಸಲ ವಿಚಾರಿಸ್ಲಿ. ಉಪ್ಪಿನ ಡಬ್ಬ ಯಾರೂ ಮುಟ್ಬೇಡಿ!"

ಆ ಕಾಲು ಗಂಟೆಯಲ್ಲಿ ಅವಳು ಯಾರನ್ನೂ ಏನೂ ಕೇಳಲಿಲ್ಲ, ಹೇಳಿದಳು ಅಷ್ಟೇ. ನೆಂಟರು ಸಾರನ್ನ ಮುಗಿಸುವ ಹೊತ್ತಿಗೆ ಹುಳಿ ಪಂಕ್ತಿಗೆ ಹೋಯಿತು. ಯಾರೂ ಮುಖ ಕಿವಿಚಲಿಲ್ಲ.

ಕೊನೆಯ ಪಂಕ್ತಿ ಎದ್ದ ಮೇಲೆ ಅವಳು ತಣ್ಣಗೆ ಕೇಳಿದಳು: "ಉಪ್ಪು ಯಾರು ಹಾಕಿದ್ದು?"

ಬೆಳ್ಳಪ್ಪ ಹೆಗಲ ಟವೆಲ್ ಸರಿಮಾಡಿಕೊಂಡ. "ನೀವು ಮರ್ತಿರಬಹುದು ಅಂತ ನಾ ಎರಡು ಹಿಡಿ ಹಾಕ್ದೆ ಪದ್ದಕ್ಕ. ನಿಮ್ಮ ಹೆಸರು ಕೆಡ್ಬಾರ್ದಲ್ಲ."

ಜಲಜಮ್ಮ ಈಳಿಗೆ ಮಣೆಯನ್ನೇ ನೋಡುತ್ತಿದ್ದಳು. "ನಾನೂ ಹಾಕ್ದೆ ಕಣೇ."

ಪದ್ಮಲತಾಗೆ ಬೈಯಬೇಕೆನಿಸಿತು. ಬಾಯಿಯನ್ನೂ ತೆರೆದಳು. ಅದೇ ಹೊತ್ತಿಗೆ ದೇವಕುಮಾರರು ಕೋಲೂರುತ್ತಾ ಒಳಬಂದರು. ಅವಳು ಸಟ್ಟುಗ ತೊಳೆದು ಅವರ ಮುಂದೆ ಹಿಡಿದಳು. "ತಗೊಳ್ಳಿ ದೇವಕುಮಾರಣ್ಣ. ನನ್ನ ಕೈಲಾಗಲ್ಲ." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಅವರು ಸಟ್ಟುಗ ಮುಟ್ಟಲಿಲ್ಲ. ಬೆಳ್ಳಪ್ಪನ ಕಡೆ ತಿರುಗಿದರು. "ಆನಂದಪುರದ ಮದುವೆಲಿ ನಾನು ಹುಳಿಗೆ ಉಪ್ಪೇ ಹಾಕಿರ್ಲಿಲ್ಲ. ಬೀಗರು ನೂರು ಜನರ ಎದುರಿಗೆ ನನ್ನ ಮಾನ ಕಳೆದ್ರು. ನೀನು ಪಕ್ಕದಲ್ಲೇ ಇದ್ದೆ. ನೋಡಿರ್ಲಿಲ್ವೇನೋ?"

"ನೋಡಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಬೆಳ್ಳಪ್ಪ ಹೆಗಲ ಟವೆಲ್ ಕೈಗೆ ತೆಗೆದುಕೊಂಡ. "ನಿಮ್ಮ ಕಂಡ್ರೆ ಹೆದರಿಕೆ ಆಗ್ತಿತ್ತು ಯಜಮಾನ್ರೆ."

ದೇವಕುಮಾರರ ಮುಖ ಸಣ್ಣದಾಯಿತು. ತಲೆ ಬಗ್ಗಿಸಿ ಕೋಲಿನ ತುದಿಯಿಂದ ನೆಲ ಕೆರೆದರು. ಆಮೇಲೆ ಪದ್ಮಲತಾಗೆ ಹೇಳಿದರು: "ಕೇಳಿಸ್ಕೊಂಡ್ಯಾ? ಅಷ್ಟು ವರ್ಷದಲ್ಲಿ ನನ್ನ ಹುಳಿಗೆ ಇವ್ರು ಯಾರೂ ಒಂದು ಹರಳು ಉಪ್ಪು ಹಾಕ್ಲಿಲ್ಲ." ಬಾಗಿಲವರೆಗೆ ಹೋಗಿ ನಿಂತು, "ಹುಳಿ ಚೆನ್ನಾಗಿತ್ತು. ನೀರು ಸ್ವಲ್ಪ ಜಾಸ್ತಿ" ಎಂದು ಸೇರಿಸಿ ಹೊರಟರು. ಹುಟ್ಟುಗುಣ ಅಷ್ಟು ಬೇಗ ಬಿಟ್ಟೀತೇ.

ಪದ್ಮಲತಾ ಜಲಜಮ್ಮನ ಹೆಗಲಿಗೆ ತಲೆಯಿಟ್ಟು ಅತ್ತಳು. ಅಳುತ್ತಲೇ ನಕ್ಕಳು. ಸಟ್ಟುಗ ಅವಳ ಕೈಯಲ್ಲೇ ಉಳಿಯಿತು.

ಮುಂದಿನ ವಾರ ಸಾಗರದಲ್ಲಿ ನಾಮಕರಣದ ಅಡುಗೆ. ಹುಳಿ ಕುದಿ ಬಂತು. ಪದ್ಮಲತಾ ಉಪ್ಪು ಹಾಕಿ, ಹಿತ್ತಲಲ್ಲಿ ಎಲೆ ಒರೆಸುತ್ತಿದ್ದವರಿಗೂ ಕೇಳುವಂತೆ ಕೂಗಿದಳು: "ಉಪ್ಪು ಬಿತ್ತು!"

"ಬಿತ್ತು!" ಎಂದ ಬೆಳ್ಳಪ್ಪ.

"ಬಿತ್ತು ಕಣೇ" ಎಂದಳು ಜಲಜಮ್ಮ. ಸೆರಗಿನ ಮರೆಯಲ್ಲಿ ಹಿಡಿದಿದ್ದ ಒಂದು ಹಿಡಿ ಉಪ್ಪನ್ನು ಮೆಲ್ಲಗೆ ವಾಪಸು ಡಬ್ಬಕ್ಕೆ ಸುರಿದಳು.