ಯಾರ ಮನೆಯ ಬೆಲ್ಲ-ನೀರು?

ಐಸಮ್ಮ ಬಾಗಿಲು ಬಡಿದಾಗ ನಾನು ನೀರು ತುಂಬಿಸುತ್ತಿದ್ದೆ. ಬಕೆಟ್ಟು, ಪಾತ್ರೆ, ಪ್ರೆಶರ್ ಕುಕ್ಕರ್, ಕೊನೆಗೆ ಮಗಳ ಶಾಲೆಯ ಬಾಟಲಿ... ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಮೂರು ವಾರವಾಗಿತ್ತು. ನಲ್ಲಿಯಲ್ಲಿ ನೀರು ಯಾವಾಗ ನಿಲ್ಲುತ್ತದೆಂದು ಹೇಳುವಂತಿರಲಿಲ್ಲ.

"ಸರೋಜಕ್ಕಾ, ಬಸ್ಸು ಸಿಕ್ಕಿತು! ನಾಳೆ ಬೆಳಿಗ್ಗೆ ನಾಲ್ಕಕ್ಕೆ. ಬಸ್ರಾದವರೆಗೆ ಬಸ್ಸು, ಅಲ್ಲಿಂದ ಬಗ್ದಾದಿಗೆ ರಾತ್ರಿ ರೈಲು, ಮತ್ತೆ ಜೋರ್ಡಾನ್. ನಿಮಗೂ ಮಗುವಿಗೂ ಜಾಗ ಹಿಡಿದಿದ್ದಾರೆ ಇವ್ರು. ಹೌದಾ ಅಲ್ವಾ ಈಗಲೇ ಹೇಳ್ಬೇಕು."

ಮುಂದೆ ನಡೆದದ್ದನ್ನು ನಂಬಿ ಎಂದು ನಾನು ಯಾರಿಗೂ ಒತ್ತಾಯ ಮಾಡುವುದಿಲ್ಲ. ದೇವರಿಗೆ ದೀಪ ಹಚ್ಚುವ ಕೈಯಲ್ಲಿ ಸುಳ್ಳು ಬರೆಯಲಾರೆ, ಅಷ್ಟೇ. ಸಾಕ್ಷಿಯೆಂದರೆ ಒಂದು ಸ್ಟೀಲ್ ಲೋಟ. ಇದನ್ನು ಬರೆಯುವ ಹೊತ್ತಿಗೂ ಅದು ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಬೋರಲಾಗಿ ಬಿದ್ದಿದೆ.

ನಾವು ಸುರತ್ಕಲ್ಲಿನವರು. ಮನೆಮಾತು ತುಳು. ಕುವೈತಿನ ರಿಗ್ಗೈ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಎದುರು ಬಾಗಿಲಿನಲ್ಲಿ ಐಸಮ್ಮ ಮತ್ತು ಅವಳ ಗಂಡ ಹಮೀದಣ್ಣ, ನಮ್ಮ ಊರಿನ ಕಡೆಯ ಬ್ಯಾರಿ ಮುಸ್ಲಿಮರು. ನಮ್ಮ ಯಜಮಾನರಿಗೆ ದೂರದ ಅಹ್ಮದಿ ಪಟ್ಟಣದ ಒಂದು ಕಂಪನಿಯ ಉಗ್ರಾಣದಲ್ಲಿ ಕೆಲಸ. ಅವರ ಪಾಸ್‌ಪೋರ್ಟ್ ಅಲ್ಲಿಯ ಆಫೀಸಿನ ಕಪಾಟಿನಲ್ಲಿತ್ತು. ಅದನ್ನು ತರುತ್ತೇನೆಂದು ಹೋದವರು ನಾಲ್ಕು ದಿನವಾದರೂ ಬಂದಿರಲಿಲ್ಲ. ಫೋನು ಸತ್ತಿತ್ತು. ದಾರಿಯುದ್ದಕ್ಕೂ ಬಂದೂಕು ಹಿಡಿದವರು.

ಆರು ವರ್ಷದ ಮಗಳು ಸುಮಾಳಿಗೆ ಎರಡು ದಿನದಿಂದ ಜ್ವರ.

"ಅವರು ಬರುವವರೆಗೆ ಕಾಯ್ತೇನೆ," ಎಂದೆ.

"ಕಾದು ಎಂತ ಮಾಡ್ತೀರಿ ಮಾರಾಯ್ತಿ?" ಐಸಮ್ಮ ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡಳು. "ಡಾಕ್ಟ್ರಿಲ್ಲ, ಮದ್ದಿಲ್ಲ. ಭಾವ ಗಂಡಸು, ಹೇಗಾದ್ರೂ ಬರ್ತಾರೆ. ಮಗುವಿಗೆ ಹಾಗೆ ಆಗ್ತದಾ?"

ಆ ರಾತ್ರಿ ಒಂದು ಚೀಲ ತುಂಬಿಸಿದೆ. ಹೊರಡುವ ಮೊದಲು ದೇವರ ಪಟಕ್ಕೆ ಕೈಮುಗಿದು, ಅಡುಗೆಕಟ್ಟೆಯ ಮೇಲೆ ಒಂದು ತಟ್ಟೆಯಿಟ್ಟೆ. ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಪಕ್ಕದಲ್ಲಿ ಲೋಟ ತುಂಬ ನೀರು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ-ನೀರು ಕೊಟ್ಟೇ ಮಾತು. ಯಜಮಾನರು ಬಂದರೆ ಬಾಯಾರಿ ಬರುತ್ತಾರೆ, ಕೊಡಲು ನಾನಿರುವುದಿಲ್ಲ. ಒಂದು ಚೀಟಿಯನ್ನೂ ಇಟ್ಟೆ.

ಐಸಮ್ಮ ಬಾಗಿಲಲ್ಲಿ ನಿಂತು ಗದರಿದಳು. "ಬಸ್ಸು ಹೋಗ್ತದೆ ಅಂದ್ರೆ ಇವ್ರದ್ದೊಂದು ಬೆಲ್ಲ ನೀರು! ಬನ್ನಿ ಅಕ್ಕ!"

ಆ ಲೋಟದ ವಿಷಯ ಹೇಳಬೇಕು. ಮದುವೆಯಲ್ಲಿ ನನ್ನ ತಾಯಿ ಕೊಟ್ಟದ್ದು. ಪಾತ್ರೆ ಅಂಗಡಿಯವನು ಮಷಿನಿನಲ್ಲಿ ಹೆಸರು ಕೊರೆಯುವಾಗ 'ಸರೋಜ' ಎನ್ನುವ ಬದಲು 'ಸರೊಜ' ಎಂದು ಕೊರೆದುಬಿಟ್ಟಿದ್ದ. "ಹೆಸರಿನ ದೀರ್ಘವನ್ನೇ ನುಂಗಿದನಲ್ಲ," ಎಂದು ಅಮ್ಮ ಬಹಳ ಪೇಚಾಡಿದ್ದರು. ದೀರ್ಘಸುಮಂಗಲಿಯಾಗು ಎಂದು ಹರಸುವ ಮದುವೆಯ ಮನೆ ನೋಡಿ, ದೀರ್ಘವಿಲ್ಲ ಎಂದರೆ ಯಾವ ತಾಯಿಗೂ ಎದೆ ಹಾರುತ್ತದೆ. ಯಜಮಾನರು ಮಾತ್ರ ನನಗೆ ಸಿಟ್ಟು ಬಂದಾಗಲೆಲ್ಲ "ಏ ಸರೊಜಾ" ಎಂದು ಚುಟುಕಾಗಿ ಕರೆದು ನಗಿಸುತ್ತಿದ್ದರು.

ಬಾಗಿಲಿಗೆ ಬೀಗ ಹಾಕುವಾಗ ಸುಮಾ ಖಾಲಿ ಮನೆಗೆ ಕೈ ಬೀಸಿ "ಬೈ ಬೈ" ಎಂದಳು. ನಾನು ಅವಳ ಬಾಯಿ ಮುಚ್ಚಿದೆ. "ಹಾಗೆ ಹೇಳ್ಬಾರ್ದು. ಬರ್ಪೆ ಅನ್ನು." ಹೊರಡುವವರು ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು. ತುಳುವಿನಲ್ಲಿ ಅದೇ 'ಬರ್ಪೆ'. ಮನೆಯಲ್ಲಿ ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗು ಅದು. ಅವಳ ನಾಲಗೆಗೆ ನಾನು ಗದರಿಸಿ ಗದರಿಸಿ ಕೂರಿಸಿದ ತುಳು ಅದೊಂದೇ ಮಾತು.

"ಬರ್ಪೆ," ಎಂದಳು.

ಬಸ್ರಾ ತಲುಪಿದಾಗ ಮಧ್ಯಾಹ್ನ. ಸ್ಟೇಷನ್ನಿನಲ್ಲಿ ನಮ್ಮಂಥವರೇ ಸಾವಿರ ಜನ. ಸುಟ್ಟ ರಬ್ಬರು, ಡೀಸೆಲ್ಲು, ಕೊಳೆತ ಖರ್ಜೂರದ ವಾಸನೆ. ಕತ್ತಲಾಗುವ ಹೊತ್ತಿಗೆ ತಂದ ನೀರೆಲ್ಲ ಮುಗಿದಿತ್ತು. ರೈಲಿನಲ್ಲಿ ಸಿಕ್ಕೀತು ಎಂದುಕೊಂಡೆವು. ಹಮೀದಣ್ಣ ಎಲ್ಲಕ್ಕಿಂತ ಅಗ್ಗದ ದರ್ಜೆಯಲ್ಲಿ ಹೇಗೋ ಹೆಂಗಸರಿಬ್ಬರಿಗೆ ಮರದ ಹಲಗೆಯ ಸೀಟು ಹಿಡಿದು, ತಾವು ನಿಂತುಕೊಂಡರು.

ದೀಪಗಳನ್ನು ಹಾಕಲಿಲ್ಲ. ಯುದ್ಧದ ಕಾಲ, ಬೆಳಕು ಕಂಡರೆ ಅಪಾಯವಂತೆ.

ಕತ್ತಲೆಯಲ್ಲಿ ರೈಲು ಹೊರಟಿತು. ನಾನು ಇದ್ದ ಭಾಗ್ಯಗಳನ್ನು ಎಣಿಸಿದೆ. ಕಿಟಕಿ ಬದಿ ಸಿಕ್ಕಿದೆ, ಒಂದು. ಐಸಮ್ಮ ಪಕ್ಕದಲ್ಲಿದ್ದಾಳೆ, ಎರಡು. ಮಗು ತೊಡೆಯ ಮೇಲೆ ಉಸಿರಾಡುತ್ತಿದೆ, ಮೂರು.

ಎಷ್ಟು ಹೊತ್ತಾಯಿತೋ... ರೈಲು ನಿಂತಿತು. ಸ್ಟೇಷನ್ನಿಲ್ಲ, ದೀಪವಿಲ್ಲ. ಹೊರಗೆ ನಾಯಿಯೊಂದು ಬೊಗಳುವ ಸದ್ದೂ ಇಲ್ಲ.

ಸುಮಾಳ ಮೈ ಬೆಂಕಿಯಾಗಿತ್ತು. ತುಟಿ ಮುಟ್ಟಿದರೆ ಒಣಗಿದ ಬಾಳೆಲೆಯ ಹಾಗೆ ಗರಗರ. "ಸುಮಾ... ಪುಟ್ಟಾ..." ಕೆನ್ನೆ ತಟ್ಟಿದೆ. ಕಣ್ಣು ತೆರೆಯಲಿಲ್ಲ. ತಲೆ ನನ್ನ ಕೈಯಿಂದ ಜಾರಿ ಹಿಂದಕ್ಕೆ ಬಿತ್ತು.

"ಹಮೀದಣ್ಣಾ, ನೀರು... ಒಂದು ಗುಟುಕು ಎಲ್ಲಾದ್ರೂ..."

"ಹೆದರ್ಬೇಡಿ ಅಕ್ಕ. ಮುಂದಿನ ಡಬ್ಬಿಯಲ್ಲಿ ಕೇಳಿ ತರ್ತೇನೆ," ಎಂದು ಅವರು ಜನರನ್ನು ದಾಟುತ್ತ ಕತ್ತಲೆಯಲ್ಲಿ ಮಾಯವಾದರು.

ಅವರು ಬರಲಿಲ್ಲ. ಐಸಮ್ಮ ಪಿಸುದನಿಯಲ್ಲಿ ತನ್ನ ಪ್ರಾರ್ಥನೆ ಹೇಳುತ್ತಿದ್ದಳು. ನಾನು ನನ್ನದನ್ನು. ಅಮ್ಮನವರೇ, ನನ್ನ ಗಂಡನನ್ನು ಅಲ್ಲಿ ಬಿಟ್ಟು ಬಂದಿದ್ದೇನೆ. ಇವಳನ್ನೂ ಇಲ್ಲಿ ಬಿಟ್ಟುಹೋಗುವ ಹಾಗೆ ಮಾಡಬೇಡಿ...

ಆಗ ಮೊದಲು ಬಂದದ್ದು ವಾಸನೆ.

ಪಾಚಿಯ ವಾಸನೆ. ಬಾವಿಕಟ್ಟೆಯ ಕಲ್ಲಿನ ಮೇಲೆ ಹಸಿರಾಗಿ ಕಟ್ಟುತ್ತದಲ್ಲ, ಅದರದ್ದು. ತಣ್ಣಗೆ, ಕಿಟಕಿಯಿಂದ ಒಳಗೆ ಬಂತು.

ಆಮೇಲೆ ಸದ್ದು. ಟಿಣ್... ಸ್ಟೀಲಿನ ಮೇಲೆ ಸ್ಟೀಲು ತಾಗಿದ ಹಾಗೆ. ನನ್ನ ಕಿವಿಯ ಪಕ್ಕದಲ್ಲೇ.

ಕಿಟಕಿಯ ಹೊರಗಿನಿಂದ ಒಂದು ಕೈ ಬಂದಿತ್ತು. ನಕ್ಷತ್ರಗಳ ಮಸುಕು ಬೆಳಕಿನಲ್ಲಿ ಮೊಣಕೈವರೆಗೆ ಮಾತ್ರ ಕಾಣುತ್ತಿತ್ತು. ಒದ್ದೆ ಕೈ. ಅದರಲ್ಲೊಂದು ಲೋಟ, ಲೋಟದ ಬಾಯಿಯ ಮೇಲೆ ತುಂಡು ಬೆಲ್ಲ.

"ಬತ್ತರಾ? ಬೆಲ್ಲ ನೀರ್ ಪರ್ಲೆ."

ಬಂದಿರಾ? ಬೆಲ್ಲ-ನೀರು ಕುಡಿಯಿರಿ. ಅಚ್ಚ ತುಳು. ಮುದುಕಿಯ ದನಿ, ಆತುರವಿಲ್ಲದ್ದು. ಜಗಲಿಗೆ ಬಂದ ನೆಂಟರನ್ನು ಮಾತಾಡಿಸುವ ಹಾಗೆಯೇ.

ಯಾರು, ಎಲ್ಲಿಂದ, ಒಂದೂ ಕೇಳಲಿಲ್ಲ ನಾನು. ಮಗು ಸಾಯುತ್ತಿರುವಾಗ ಯಾವ ತಾಯಿ ಕೇಳುತ್ತಾಳೆ? ಕಸಿದುಕೊಂಡೆ. ಬೆಲ್ಲವನ್ನು ಮುಟ್ಟಿದಾಗ ಒಂದು ಬದಿ ಕಚ್ಚಿದಂತಿತ್ತು... ಆದರೂ ಅವಳ ತುಟಿಯೊಳಗೆ ಇಟ್ಟೆ. ನೀರನ್ನು ಹನಿಹನಿಯಾಗಿ ಬಿಟ್ಟೆ. ಗಂಟಲು ಅಲುಗಿತು. ಇನ್ನೊಂದು ಗುಟುಕು. ಕೊನೆಯ ಹನಿಗಳನ್ನು ನಾನು ನೆಕ್ಕಿದೆ. ಕುವೈತಿನ ನೀರಿಗೆ ರುಚಿಯೇ ಇರುವುದಿಲ್ಲ, ಕಡಲ ನೀರನ್ನು ಕಾಯಿಸಿ ಮಾಡಿದ್ದು. ಇದು ಬಾವಿಯ ನೀರು. ಹಲ್ಲು ಜುಂ ಎನ್ನುವಷ್ಟು ತಣ್ಣಗಿತ್ತು.

ರೈಲು ಒಮ್ಮೆ ಜಗ್ಗಿ ಹೊರಟಿತು. ಕೈ ಇರಲಿಲ್ಲ.

ಆಗ ಸುಮಾ ಕಣ್ಣು ತೆರೆದಳು. ನನ್ನ ಕಡೆ ನೋಡಲಿಲ್ಲ. ಕಿಟಕಿಯ ಆಚೆ ನೋಡುತ್ತ, ಸ್ಪಷ್ಟವಾಗಿ ಹೇಳಿದಳು.

"ಬರ್ಪೆ ಅಜ್ಜಿ."

ಬೆಳಕಾದ ಮೇಲೆ ಹಮೀದಣ್ಣ ಬಂದರು. ನಡುವಿನ ಬಾಗಿಲು ಹಾಕಿಬಿಟ್ಟಿದ್ದರಿಂದ ರಾತ್ರಿಯಿಡೀ ಮುಂದಿನ ಡಬ್ಬಿಯಲ್ಲೇ ಸಿಕ್ಕಿಕೊಂಡಿದ್ದರಂತೆ. ಸುಮಾ ಎದ್ದು ಕೂತು ಬಿಸ್ಕತ್ತು ಕೇಳುತ್ತಿದ್ದಳು. ಹಣೆ ತಣ್ಣಗಿತ್ತು.

"ರೈಲು ನಿಂತಾಗ ಯಾರೋ ನೀರು ಕೊಟ್ರು, ಹೊರಗಿಂದ," ಎಂದೆ.

"ಹೊರಗಿಂದ?" ಅವರು ನನ್ನ ಮುಖವನ್ನೇ ನೋಡಿದರು. "ಆ ಡಬ್ಬಿಯಲ್ಲೊಬ್ಬ ಕಿಟಕಿಯಾಚೆ ಟಾರ್ಚು ಹಾಕಿದ, ನಾನೇ ನೋಡಿದೆ ಅಕ್ಕ. ಎತ್ತರದ ದಿಬ್ಬದ ಮೇಲೆ ಹಳಿ. ಎರಡು ಬದಿಗೂ ಉಪ್ಪುನೀರಿನ ಕೆಸರು. ಅಲ್ಲಿ ಮನುಷ್ಯ ನಿಲ್ಲುವುದು ಎಲ್ಲಿ, ಕಿಟಕಿಗೆ ಕೈ ಎಟುಕುವುದು ಎಲ್ಲಿ?"

ನಾನು ಸೆರಗಿನೊಳಗಿನಿಂದ ಲೋಟ ತೆಗೆದೆ. ಬೆಳಕಿಗೆ ತಿರುಗಿಸಿದೆ.

ಸರೊಜ.

ದೀರ್ಘವಿಲ್ಲದ ಸರೊಜ.

"ಗಡಿಬಿಡಿಯಲ್ಲಿ ನೀವೇ ಚೀಲಕ್ಕೆ ಹಾಕಿದ್ದಿರ್ಬೇಕು ಅಕ್ಕ..." ಎಂದ ಐಸಮ್ಮ ಅಲ್ಲಿಗೇ ಮಾತು ನಿಲ್ಲಿಸಿದಳು. ಅದನ್ನು ಅಡುಗೆಕಟ್ಟೆಯ ಮೇಲೆ ಬಿಟ್ಟು ನಾನು ಬೀಗ ಹಾಕಿದ್ದನ್ನು ನೋಡಿ ಬೈದವಳೇ ಅವಳು. ಲೋಟವನ್ನು ಕೈಗೆ ತೆಗೆದುಕೊಂಡು ಕೇಳಿದಳು, "ರಾತ್ರಿ ಮಗು ಮಾತಾಡಿದ್ದು ಕೇಳಿತು. ಬೇರೆ ಯಾರದ್ದೂ ದನಿ ಕೇಳ್ಲಿಲ್ಲ ನನಗೆ. ಆದ್ರೆ ಆ ಪಾಚಿ ವಾಸನೆ... ನಿಮಗೂ ಬಂತಾ?"

ಬಗ್ದಾದ್, ಜೋರ್ಡಾನಿನ ಗಡಿಯ ಡೇರೆಗಳು, ವಿಮಾನ, ಬೊಂಬಾಯಿ... ಅದೆಲ್ಲ ದೇವರು ದಾಟಿಸಿದ. ಲೋಟವನ್ನು ಎಲ್ಲಾದರೂ ಬಿಡೋಣವೆಂದು ಎರಡು ಸಲ ಕೈಯೆತ್ತಿದೆ. ಆಗಲಿಲ್ಲ. ಮಗುವಿನ ಜೀವ ಉಳಿಸಿದ್ದನ್ನು ಎಸೆಯುವುದು ಹೇಗೆ?

ಎರಡು ತಿಂಗಳ ಮೇಲೆ ಯಜಮಾನರು ಸುರತ್ಕಲ್ಲಿನ ನನ್ನ ತಾಯಿಯ ಮನೆಯ ಅಂಗಳದಲ್ಲಿ ಬಂದು ನಿಂತರು. ಎಲುಬಿನ ಗೂಡಾಗಿದ್ದರು, ಆದರೆ ಬಂದರು. ಅಮ್ಮ ಅಳುತ್ತಲೇ ಬೆಲ್ಲ-ನೀರು ತಂದರು. ತಂದದ್ದು ಆ 'ಸರೊಜ' ಲೋಟದಲ್ಲೇ; ಕಂಡದ್ದೇ ಯಜಮಾನರ ಕೈ ಅರ್ಧಕ್ಕೆ ನಿಂತಿತು.

"ಇದು ಇಲ್ಲಿಗೆ ಹೇಗೆ ಬಂತು?"

ಅವರು ಹೇಳಿದ್ದು ಇಷ್ಟು. ನಾವು ಹೊರಟ ದಿನವೇ, ನಡುರಾತ್ರಿ ಅಡಗಿ ಅಡಗಿ ನಡೆದು ಮನೆ ತಲುಪಿ, ತಮ್ಮಲ್ಲಿದ್ದ ಬೀಗದ ಕೈಯಿಂದ ಬಾಗಿಲು ತೆಗೆದಿದ್ದರು. ಮೇಣದಬತ್ತಿ ಹಚ್ಚಿ ನೋಡಿದರೆ ಚೀಟಿ, ತಟ್ಟೆ, ಲೋಟ. ಬೆಲ್ಲವನ್ನು ಅರ್ಧ ಕಚ್ಚಿ, ಉಳಿದದ್ದನ್ನು ತಟ್ಟೆಯಲ್ಲಿಟ್ಟು, ನೀರಿಗೆ ಕೈ ಹಾಕಿದರು.

"ಆಗ ಒಳಗಿನ ಕೋಣೆಯಿಂದ ಯಾರೋ 'ಅದು ಮಗುವಿಗಿರಲಿ' ಅಂದ ಹಾಗಾಯ್ತು ಮಾರಾಯ್ತಿ. ನೀನೇ ಹೋಗದೆ ಉಳಿದಿದ್ದೀಯಾ ಅಂತ ಖುಷಿಯಲ್ಲಿ ಓಡಿದೆ. ಯಾರಿಲ್ಲ. ತಿರುಗಿ ಬಂದ್ರೆ ತಟ್ಟೆ ಉಂಟು, ಲೋಟವೂ ಇಲ್ಲ, ಬೆಲ್ಲವೂ ಇಲ್ಲ. ಕಟ್ಟೆ ಮೇಲೆ ಒದ್ದೆ ಗುರುತು ಮಾತ್ರ. ಬಾಗಿಲಿಗೆ ನಾನೇ ಒಳಗಿಂದ ಚಿಲಕ ಹಾಕಿದ್ದೆ."

ಕಚ್ಚಿದ ಬೆಲ್ಲದ ವಿಷಯ ನಾನು ಆವರೆಗೆ ಯಾರಿಗೂ ಹೇಳಿರಲಿಲ್ಲ.

ಅಮ್ಮನಿಗೆ ಸಮಾಧಾನವಾಯಿತು. "ನೀರು ಕೊಟ್ಟವರು ಕೆಟ್ಟವರಾಗ್ಲಿಕ್ಕಿಲ್ಲ ಮಗಾ, ದೇವರೇ ಬಂದದ್ದು," ಎಂದರು. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಗಂಡ ಉಳಿದ, ಮಗಳು ಉಳಿದಳು. ಇದಕ್ಕಿಂತ ಹೆಚ್ಚು ಕೇಳಿದರೆ ದೇವರು ಮೆಚ್ಚುವುದಿಲ್ಲ.

ಆದರೆ ಒಂದು ಮಾತು ಒಳಗೆ ಕೊರೆಯುತ್ತಲೇ ಇದೆ. ಬೆಲ್ಲ-ನೀರು ಕೊಡುವುದು ಮನೆಯವರು. ಕುಡಿಯುವುದು ಬಂದವರು. 'ಬಂದಿರಾ?' ಎಂದಿತಲ್ಲ ಆ ದನಿ... ಆ ರಾತ್ರಿ ನಾವು ಯಾರ ಮನೆಯ ಅಂಗಳ ಹೊಕ್ಕಿದ್ದೆವು? ಲೋಟ ನನ್ನದು, ನೀರು ಯಾರ ಬಾವಿಯದು? ನಮ್ಮ ಬಾವಿಯದಲ್ಲ, ನಮ್ಮದಕ್ಕೆ ಕಡಲು ಹತ್ತಿರ, ಚೂರು ಉಪ್ಪು ರುಚಿ. ಈಗ ಯಾರ ಮನೆಗೆ ಹೋದರೂ, ಕೊಟ್ಟ ನೀರನ್ನು ಮೊದಲು ನಾಲಗೆಯ ತುದಿಯಲ್ಲಿಟ್ಟು ನೋಡುತ್ತೇನೆ. ಆ ರಾತ್ರಿಯ ರುಚಿ ಸಿಗದಿದ್ದರೆ ಎದೆ ಹಗುರಾಗುತ್ತದೆ.

ಮತ್ತೆ, ಮಗಳಿಗೆ 'ಬರ್ಪೆ' ಎಂಬ ಆ ಮಾತನ್ನು ಕಲಿಸಿದವಳು ನಾನೇ. ನಾನು ಕಲಿಸಿದ್ದು ಮರ್ಯಾದೆಗೆ. ಕೇಳಿಸಿಕೊಂಡವರು ಅದನ್ನು ಮಾತು ಕೊಟ್ಟಂತೆ ಹಿಡಿದುಕೊಂಡಿದ್ದರೆ? ಊರಿಗೆ ಬಂದ ಮೇಲೆ ಅವಳು ಯಾರ ಮನೆಯಿಂದ ಹೊರಡುವಾಗಲೂ ಬೈ ಬೈ ಅನ್ನಲಿ ಎಂದು ಬಿಟ್ಟಿದ್ದೇನೆ. ಅಮ್ಮ ಗದರಿದರೂ ಸರಿ.

ನಿನ್ನೆ ಸಂಜೆ ಬಾವಿಯಿಂದ ನೀರು ಸೇದಿ ತಂದು ಅಡುಗೆಮನೆಯ ಹಂಡೆ ತುಂಬಿಸುತ್ತಿದ್ದೆ. ಅರ್ಧ ತುಂಬಿರಬೇಕು, ಯಜಮಾನರು ಕಾಗದ ಹಿಡಿದು ಅಡುಗೆಮನೆಗೆ ಬಂದರು. ಯುದ್ಧ ಮುಗಿದಿದೆ, ಕಂಪನಿ ಮತ್ತೆ ಕರೆದಿದೆ. ಹೆಂಡತಿ ಮಕ್ಕಳನ್ನೂ ಕೆಲವು ತಿಂಗಳಲ್ಲಿ ಕರೆಸಿಕೊಳ್ಳಬಹುದಂತೆ. ವಿಮಾನದಲ್ಲೇ ಹೋಗುವುದು, ಆ ರೈಲಿನ ದಾರಿಯೇ ಬೇಡ, ಎಂದರು.

"ಏನಂತಿ, ಸರೊಜಾ?" ಬಹಳ ದಿನದ ಮೇಲೆ ಹಾಗೆ ಕರೆದರು. "ನೀವಿಬ್ಬರು ಬರ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಸುಮಾಳ ದನಿ ಕೇಳಿತು.

"ಬರ್ಪೆ."

ಯಜಮಾನರು ನಕ್ಕರು. "ಅಗೋ, ಅವಳು ತಯಾರಾದಳು!"

ಅವರು ಕೇಳಿದ್ದು ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿರಲಿಲ್ಲ. ದನಿ ಬಂದದ್ದು ಬಾವಿಕಟ್ಟೆಯ ಕಡೆಯಿಂದ.

ಓಡಿದೆ. ಸುಮಾ ಕಟ್ಟೆಗೆ ಎರಡೂ ಕೈ ಊರಿ, ತುದಿಗಾಲಲ್ಲಿ ನಿಂತು ಒಳಗೆ ಬಗ್ಗಿ ನೋಡುತ್ತಿದ್ದಳು. ಸೊಂಟ ಹಿಡಿದು ಎಳೆದುಕೊಂಡೆ. "ಯಾರ ಹತ್ರ ಮಾತಾಡಿದ್ದು?" ಎಂದು ಕೇಳಲು ಬಾಯಿ ಬರಲಿಲ್ಲ. ಪಾಚಿಯ ವಾಸನೆ ಬರುತ್ತಿತ್ತು. ಬಾವಿಯಲ್ಲವೇ, ಬಂದೇ ಬರುತ್ತದೆ.

ಅವಳನ್ನು ಅಮ್ಮನ ಬಳಿ ಕಳಿಸಿ, ನಡುಬಾಗಿಲ ಚಿಲಕ ಹಾಕಲು ಹೇಳಿದೆ. ಹಂಡೆ ಇನ್ನೂ ಅರ್ಧ ಖಾಲಿಯಿತ್ತು. ಕೊಡಪಾನಕ್ಕೆ ಹಗ್ಗ ಬಿಗಿದು, ಕೆಳಗೆ ನೋಡದೆ, ಬಾವಿಗೆ ಇಳಿಬಿಟ್ಟೆ.