ನಾನೇ ತೆಗೆದ ಟಿಕ್

ನಾನು ಹುಟ್ಟಾ ಅಂಜುಬುರುಕಿ. ರಸ್ತೆಯಲ್ಲಿ ಪೊಲೀಸರು ಗಾಡಿ ತಡೆಯುತ್ತಿದ್ದರೆ, ಗಾಡಿಯೇ ಇಲ್ಲದ ನಾನು ಪರ್ಸಿನಲ್ಲಿ ಲೈಸೆನ್ಸ್ ಹುಡುಕುತ್ತೇನೆ. ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿದ ಮೇಲೆ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಅಂಗಡಿಯಿರುವ ಬೇಗಂ ಬಜಾರ್ ತಲುಪುವವರೆಗೂ ಪಕ್ಕದಲ್ಲೇ ಕೂತಿರುತ್ತದೆ. ಇಂಥವಳ ಕೈಗೆ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿಯೊಂದರ ಬ್ಯಾಂಕ್ ವ್ಯವಹಾರವೆಲ್ಲ ಹೇಗೆ ಬಂತೆಂದರೆ, ಅಲ್ಲಿ ಬೇರೆ ಯಾರೂ ಕಂಪ್ಯೂಟರ್ ಮುಂದೆ ಕೂಡಲು ತಯಾರಿರಲಿಲ್ಲ, ಅಷ್ಟೇ.

ಅಂಗಡಿಯ ಸಾವ್ಕಾರರು ಬಾಗಲಕೋಟೆ ಕಡೆಯವರು, ನಾವು ವಿಜಯಪುರದವರು. ಗಿರಾಕಿಗಳ ಜೊತೆ ಅವರದು ತೆಲುಗು, ಹಮಾಲರ ಜೊತೆ ಹಿಂದಿ, ನನ್ನ ಜೊತೆ ನಮ್ಮೂರ ಮಾತು. ಅವರು ಕೆಳಗೆ ಗಲ್ಲಾದ ಹತ್ತಿರ, ನಾನು ಮೇಲೆ ಅಟ್ಟದ ಆಫೀಸಿನಲ್ಲಿ.

ಹೊಸ ಸಾಫ್ಟ್‌ವೇರ್ ಹಾಕಿಸಿದ ಮೇಲೆ ಹಿಮಾಯತ್‌ನಗರದ ನಮ್ಮ ಆಡಿಟರ್ ಫೋನ್ ಮಾಡಿ, ಬ್ಯಾಂಕಿನ ಕೆಲಸದಲ್ಲಿ ಯಾರಿಗೆ ಎಷ್ಟು ಅಧಿಕಾರ ಅನ್ನುವುದಕ್ಕೆ ಟಿಕ್ ಹಾಕಿಡಿ ಎಂದರು. ಪೇಮೆಂಟ್ ಬರೆಯುವವರೇ ಅದನ್ನು ಒಪ್ಪಿ ಪಾಸ್ ಮಾಡಬಾರದಂತೆ. ಇಷ್ಟೇನಾ ಎಂದುಕೊಂಡು ಪರದೆ ತೆರೆದೆ. ಹಣ ಕಳಿಸಬೇಕಾದ ಹೊಸ ಖಾತೆ ಸೇರಿಸುವುದು, ಪೇಮೆಂಟ್ ಬರೆಯುವುದು, ಪಾಸ್ ಮಾಡುವುದು, ಬ್ಯಾಂಕ್ ಸ್ಟೇಟ್‌ಮೆಂಟಿಗೆ ತಾಳೆ ನೋಡುವುದು. ನನ್ನ ಹೆಸರಿನ ಮುಂದೆ ಎಲ್ಲದಕ್ಕೂ ಟಿಕ್ ಇತ್ತು. ಸಾವ್ಕಾರರ ಹೆಸರಿನ ಮುಂದೆ ಒಂದೇ: ನೋಡುವುದು. ಅವರು ಅದನ್ನೂ ಮಾಡುತ್ತಿರಲಿಲ್ಲ.

ಟಿಕ್‌ಗಳನ್ನು ಮತ್ತೊಮ್ಮೆ ಎಣಿಸಿದೆ. ನನ್ನದೇ ಖಾತೆ ಸೇರಿಸಿ, ನಾನೇ ಬರೆದು, ನಾನೇ ಪಾಸ್ ಮಾಡಿ, ಕೊನೆಗೆ ನಾನೇ ತಾಳೆ ನೋಡಿ ಎಲ್ಲ ಬರೋಬ್ಬರಿ ಇದೆ ಅನ್ನಬಹುದಿತ್ತು. ಅಷ್ಟು ಧೈರ್ಯ ನನಗಿಲ್ಲ, ಅದು ಬೇರೆ ಮಾತು. ನನ್ನ ಪಾಸ್‌ವರ್ಡ್ ಕದ್ದವನಿಗೆ ಇರಬಹುದಲ್ಲ? ಪೊಲೀಸರು ಬಂದು ಕೇಳಿದರೆ, ಅವರ ಮನಸ್ಸು ನೋಯಿಸಬಾರದೆಂದು ಹೌದ್ರಿ ನಾನೇ ಎಂದುಬಿಡುವವಳು ನಾನು. ಪಾಸ್ ಮಾಡುವ ಟಿಕ್ ನನ್ನ ಹೆಸರಿನಿಂದ ತೆಗೆದು ಸಾವ್ಕಾರರ ಹೆಸರಿಗೆ ಹಾಕಿದೆ. ಆಡಿಟರ್ ಹೇಳಿದ್ದಾರೆಂದು ಅವರಿಗೆ ಮೊದಲು ತಿಳಿಸಬೇಕೆಂಬುದು ಹೊಳೆಯಲೇ ಇಲ್ಲ. ಹಾಯೆನಿಸಿ ಡಬ್ಬಿ ಬಿಚ್ಚಿ ಊಟ ಮಾಡಿದೆ.

ಊಟ ಆದ ಮೇಲೆ ಫ್ಯಾಕ್ಟರಿಯೊಂದಕ್ಕೆ ಪೇಮೆಂಟ್ ಬರೆದೆ. ಪಾಸ್ ಮಾಡಿ ಎಂಬ ಸಂದೇಶ ಸಾವ್ಕಾರರ ಫೋನಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಮೊಣಕಾಲು ನೋವೆಂದು ಅವರು ಎಂದೂ ಅಟ್ಟ ಹತ್ತಿದವರೇ ಅಲ್ಲ. ನನ್ನೆದುರು ಸ್ಟೂಲ್ ಎಳೆದು ಕೂತು, ದನಿ ಏರಿಸದೆ ಕೇಳಿದರು.

"ಅಕ್ಕಾರ, ಕೀಲಿಕೈ ಯಾಕ ವಾಪಸ್ ಕೊಟ್ರಿ?"

ನಾನು ತೆಗೆದ ಟಿಕ್ಕೇ ಆ ಕೀಲಿಕೈ ಎಂದು ನನಗೆ ಅರ್ಥವಾಯಿತು. ಆ ಬಜಾರಿನ ಹಳೆ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು ರಾಜೀನಾಮೆ ಕೊಡುವುದಿಲ್ಲ. ಗಲ್ಲಾದ ಕೀಲಿಕೈ ಸಾವ್ಕಾರರ ಮುಂದಿಟ್ಟು ಕೈಮುಗಿದು ಹೋಗುತ್ತಾರೆ. ಕೆಲಸ ಬೇಡವಾದವರು ಹಾಗೆ ಮಾಡುತ್ತಾರೆ. ಗಲ್ಲಾದಲ್ಲಿ ಕೈಯಾಡಿಸಿದವರೂ ಹಾಗೇ ಮಾಡುತ್ತಾರೆ. ನಾನು ಯಾರ ಸಾಲಿನವಳೆಂದು ತಿಳಿಯಲು ಅವರು ಮೆಟ್ಟಿಲು ಹತ್ತಿ ಬಂದಿದ್ದರು.

ಇಲ್ರಿ, ಹಂಗಲ್ರಿ, ಆಡಿಟರ್ ಅಂದ್ರು, ಎಂದು ತೊದಲಿದೆ. ಬೇಕಾದರೆ ಲೆಕ್ಕವೆಲ್ಲ ತೆಗೆದು ನೋಡಿರಿ ಎಂದೆ. ಯಾರೂ ಕೇಳದಿದ್ದಾಗ ಎಲ್ಲ ನೋಡಿರಿ ಅನ್ನುವವರು ಎಂಥವರೆಂದು ಬಜಾರಿಗೆಲ್ಲ ಗೊತ್ತು. ಆಡಿಟರಿಗೆ ಫೋನ್ ಹಚ್ಚಿದರೆ ಅವರು ಎತ್ತಲಿಲ್ಲ. ನಾನು ಮತ್ತೆ ಮತ್ತೆ ಹಚ್ಚುವುದನ್ನು ಸಾವ್ಕಾರರು ನೋಡಿದರು, ಅವರು ನೋಡಿದ್ದನ್ನು ನಾನೂ ನೋಡಿದೆ.

"ಏನರ ಆಗಿದ್ರ ಹೇಳಿಬಿಡ್ರಿ. ನಾ ಒದರಾಡೂದಿಲ್ಲ."

"ಏನೂ ಆಗಿಲ್ರಿ. ನಾಳಿ ಆದ್ರ ಗೊತ್ತಾಗೂದು ಯಾರಿಗೆ? ಬರ್ಯಾಕಿನೂ ನಾನ, ನೋಡಾಕಿನೂ ನಾನ. ನನಗ ನನ್ನ ಬಗ್ಗೇನ ಭಾಳ ಅಂಜಿಕಿ ಆಗೇತ್ರಿ ಸಾವ್ಕಾರ."

ಕೆಳಗೆ ಯಾರೋ ಪಾತ್ರೆಗಳ ಕಟ್ಟು ಇಳಿಸಿದ ಸದ್ದಿಗೆ ನಾನೊಬ್ಬಳೇ ಬೆಚ್ಚಿದೆ. ಸಾವ್ಕಾರರು ಅಂಗಿಯ ಕಿಸೆಯಿಂದ ಕನ್ನಡಕ ತೆಗೆದರು. ಹಂಗಾದ್ರ ಇನ್ನ ನಾ ಓದಬೇಕಾಗ್ತೈತಿ ಅನ್ರಿ, ಎಂದು ತಮ್ಮಷ್ಟಕ್ಕೇ ಗೊಣಗಿ, ಫೋನನ್ನು ಕಣ್ಣಿಂದ ದೂರ ಹಿಡಿದರು. ಹೆಬ್ಬೆರಳು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಿಲ್ಲ.

"ಇದು ಫ್ಯಾಕ್ಟರಿಯವರ ಖಾತೇನ ಅನ್ನೂದು ನಿಮಗ ಖಾತ್ರಿ ಐತೇನ್ರಿ?"

ಇಷ್ಟು ವರ್ಷಗಳಲ್ಲಿ ಅವರು ಇಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು. ಯಾರಾದರೂ ಕೇಳಲಿ ಎಂದೇ ನಾನು ಟಿಕ್ ತೆಗೆದದ್ದು. ಆದರೂ ಎದೆಗೆ ಚುಚ್ಚಿತು. ನನ್ನ ಮೇಲೆ ಸಂಶಯ ಬಂತಲ್ಲ ಎಂದುಕೊಂಡೆ. ಬೆನ್ನಿಗೇ, ಖಾತೆ ಅವರದಲ್ಲದಿದ್ದರೆ ಏನು ಗತಿ ಎಂಬ ಹಳೆಯ ಭಯ. ಕೇಳಿನೋಡ್ರಿ ಎಂದೆ. ಅವರು ಫ್ಯಾಕ್ಟರಿಯವರಿಗೇ ಫೋನ್ ಮಾಡಿ, ತೆಲುಗಿನಲ್ಲಿ ಮಳೆ, ಮಗಳ ಮದುವೆ ಎಲ್ಲ ಮುಗಿಸಿಕೊಂಡು ಖಾತೆ ನಂಬರಿಗೆ ಬಂದರು. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಜೈಲು ಸೇರಿ, ಗಂಡನಿಗೆ ಅಡುಗೆ ಯಾರು ಮಾಡುತ್ತಾರೆಂದು ಲೆಕ್ಕ ಹಾಕುತ್ತಿದ್ದೆ.

ಖಾತೆ ಅವರದೇ. ಸಾವ್ಕಾರರು ಗುಂಡಿ ಒತ್ತಿದರು, ಹೋಯಿತೇ ಎಂದು ಕೇಳಿದರು, ಹೋಯಿತೆಂದೆ. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾ, ಅರ್ಧದಲ್ಲಿ ನಿಂತರು. ತಿರುಗಿ ನೋಡಲಿಲ್ಲ.

"ನಾಳಿ ಬರ್ತೀರಲ್ರಿ, ಅಕ್ಕಾರ?"

ಬರ್ತೀನ್ರಿ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಅಂಜಿ, ಮೆಟ್ಟಿಲ ತನಕ ಹೋಗಿ ಮತ್ತೊಮ್ಮೆ ಹೇಳಿದೆ.